ಎಂಟು ಬೈಕು ಒಟ್ಟಿಗೆ ಹೊರಟರೆ ವಾಕಿಟಾಕಿ ಸಾಕಾ, ಇಂಟರ್‌ಕಾಮ್ ಬೇಕಾ?

ಪ್ರಶ್ನೆ: ನಾವು ಎಂಟು ಜನ ಬೆಂಗಳೂರಿಂದ ಮೂಡಿಗೆರೆ ಮೇಲೆ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗಬೇಕು ಅಂತಿದ್ದೇವೆ. ದಾರಿಯಲ್ಲಿ ಮಾತಾಡಿಕೊಳ್ಳಲು ವಾಕಿಟಾಕಿ ಸಾಕಾ? ಹೆಲ್ಮೆಟ್ ಇಂಟರ್‌ಕಾಮ್ ದುಬಾರಿ ಅಲ್ವಾ?

ದುಬಾರಿ ಹೌದು. ಆದರೆ ವಾಕಿಟಾಕಿಯ ತಲೆನೋವೇ ಬೇರೆ. ನಮ್ಮಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಕಡಿಮೆ ಶಕ್ತಿಯ ಸೆಟ್‌ಗಳಿಗೆ 2018ರಿಂದ ಲೈಸೆನ್ಸ್ ಬೇಕಿಲ್ಲ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ, ಯಾವ ಫ್ರೀಕ್ವೆನ್ಸಿಗೆ ಬೇಕಾದರೂ ತಿರುಗಿಸಬಹುದಾದ ಸೆಟ್‌ಗಳಿಗೆ ಈ ರಿಯಾಯಿತಿ ಇಲ್ಲ. ಇಂಥ ಮಾರಾಟದ ಬಗ್ಗೆಯೇ 2025ರ ಮೇನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇ-ಕಾಮರ್ಸ್ ಕಂಪನಿಗಳಿಗೆ 13 ನೋಟಿಸ್ ಕೊಟ್ಟಿತು. ಅಮೆರಿಕದಿಂದ ಭಾವ ತಂದುಕೊಟ್ಟ ಸೆಟ್ಟೂ ಬೇಡ. ಅಲ್ಲಿನ ಫ್ಯಾಮಿಲಿ ರೇಡಿಯೊ ಅನ್ನುವ ವಾಕಿಟಾಕಿ ನಡೆಯುವುದು 462, 467 ಮೆಗಾಹರ್ಟ್ಸ್‌ನಲ್ಲಿ, ಅಂದರೆ ನಮ್ಮ ರಿಯಾಯಿತಿಯ ಹೊರಗೆ.

ಕಾನೂನು ಬದಿಗಿಡಿ, ಕೈ ಲೆಕ್ಕ ಹಾಕಿ. ಹೇರ್‌ಪಿನ್ ತಿರುವಿನಲ್ಲಿ ಎಡಗೈ ಕ್ಲಚ್ಚಿಗೆ, ಬಲಗೈ ಬ್ರೇಕಿಗೆ. ಮಾತಾಡುವಾಗ ಜಾಕೆಟ್ಟಿಗೆ ಸಿಕ್ಕಿಸಿದ ವಾಕಿಟಾಕಿಯ ಬಟನ್ ಒತ್ತಿ ಹಿಡಿಯಲು ಮೂರನೇ ಕೈ ಎಲ್ಲಿಂದ ತರೋಣ? ಹ್ಯಾಂಡಲಿಗೆ ಕಟ್ಟುವ ಬಟನ್ ಸಿಗುತ್ತದೆ. ಆಮೇಲೆ ವೈರು, ಮಳೆ, ಟೇಪು!

ಹಾಗಾಗಿ ನನ್ನ ಓಟು ಇಂಟರ್‌ಕಾಮಿಗೆ, ಅಂದರೆ ಹೆಲ್ಮೆಟ್ ಒಳಗೇ ಮೈಕು, ಸ್ಪೀಕರ್ ಕೂರಿಸಿ ಹ್ಯಾಂಡಲ್ ಬಿಡದೆ ಮಾತಾಡುವ ಸೆಟ್ಟಿಗೆ. ಅದರಲ್ಲಿ ಎರಡು ಬಗೆ. ಬರೀ ಬ್ಲೂಟೂತ್ ಇರುವುದು ಗಂಡ-ಹೆಂಡತಿಗೆ, ಮೂರು-ನಾಲ್ಕು ಬೈಕಿಗೆ ಚೆನ್ನಾಗಿದೆ. ಅದು ಸರಪಳಿ ಇದ್ದಂತೆ. ನಡುವಿನವನು ಪೆಟ್ರೋಲ್ ಬಂಕಿಗೆ ತಿರುಗಿದರೆ ಅತ್ತ ಇಬ್ಬರು, ಇತ್ತ ಇಬ್ಬರು. ಮೆಶ್ ಇಂಟರ್‌ಕಾಮ್ ಬಲೆ ಇದ್ದಂತೆ. ಒಬ್ಬ ಕಳಚಿಕೊಂಡರೂ ಮಾತು ಇನ್ನೊಬ್ಬರ ಸೆಟ್ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಎಂಟು ಜನಕ್ಕೆ ಇದೇ ಸರಿ.

ಡಬ್ಬಿ ಮೇಲೆ 1.6 ಕಿ.ಮೀ., 2 ಕಿ.ಮೀ. ಅಂತ ಬರೆದಿರುತ್ತಾರೆ. ಅದು ಬಯಲಿನ ಲೆಕ್ಕ. ಈ ಸೆಟ್‌ಗಳ 2.4 ಗಿಗಾಹರ್ಟ್ಸ್ ಅಲೆ ಗುಡ್ಡ ಬಳಸಿ ಬರುವುದಿಲ್ಲ. ಚಾರ್ಮಾಡಿಯಲ್ಲಿ ಎರಡು ತಿರುವು ಕೆಳಗಿರುವ ಗೆಳೆಯ ಕೂಗಳತೆಯಲ್ಲೇ ಇರುತ್ತಾನೆ, ಆದರೆ ಸೆಟ್‌ನಲ್ಲಿ ಮಾತು ತುಂಡಾಗಿರುತ್ತದೆ. ಇಲ್ಲೇ ಜಾಸ್ತಿ ಜನ ಎಡವುವುದು. ದುಡ್ಡು ಉಳಿಸಲು ಎಲ್ಲರಿಗಿಂತ ಮುಂದೆ ಹೋಗುವ ಲೀಡ್‌ಗೆ ಒಂದು, ಎಲ್ಲರ ಹಿಂದೆ ಬರುವ ಸ್ವೀಪ್‌ಗೆ ಒಂದು ಸೆಟ್ ಕೊಳ್ಳುತ್ತಾರೆ. ನಡುವಿನ ಆರು ಹೆಲ್ಮೆಟ್ ಖಾಲಿ! ಮಾತನ್ನು ಕೈ ದಾಟಿಸುವವರೇ ಇಲ್ಲದಿದ್ದರೆ ಮೆಶ್ ಇದ್ದೇನು ಪ್ರಯೋಜನ? ಎಂಟು ಕೊಳ್ಳಲು ಆಗದಿದ್ದರೆ ನಾಲ್ಕು ಕೊಳ್ಳಿ, ಒಂದು ಬಿಟ್ಟು ಒಂದು ಬೈಕಿಗೆ ಹಾಕಿ.

ಎಲ್ಲರೂ ಒಂದೇ ಕಂಪನಿಯದ್ದು ಕೊಳ್ಳಿ. ಕಾರ್ಡೋದ ಮೆಶ್ ಸೆನಾದ ಮೆಶ್ ಜೊತೆ ಕೂಡುವುದಿಲ್ಲ. ಬ್ಲೂಟೂತ್‌ನಲ್ಲಿ ಹೇಗೋ ಜೋಡಿಸಬಹುದು, ಆದರೆ ಮೆಶ್‌ಗೆ ಕೊಟ್ಟ ದುಡ್ಡು ದಂಡ. ಗುಂಪಿನಲ್ಲಿ ಆಗಲೇ ಇಬ್ಬರ ಹತ್ತಿರ ಇದ್ದರೆ ಅದೇ ಕಂಪನಿ ಹಿಡಿಯಿರಿ, ಫೀಚರ್ ಪಟ್ಟಿ ಆಮೇಲೆ ನೋಡಿದರಾಯಿತು.

ಫುಲ್‌ಫೇಸ್ ಹೆಲ್ಮೆಟ್ಟಿಗೆ ಗಲ್ಲದ ಒಳಗೆ ಅಂಟಿಸುವ ಮೈಕು, ಓಪನ್‌ಫೇಸ್‌ಗೆ ಕಡ್ಡಿ ಮೈಕು. ಸ್ಪೀಕರ್ ಕಿವಿಯ ತೂತಿಗೆ ನೇರವಾಗಿರಲಿ. ಒಂದು ಬೆರಳು ಆಚೀಚೆಯಾದರೂ ಓಡುವಾಗ ಗಾಳಿ ಸದ್ದೇ ಕೇಳುವುದು. ಇದನ್ನೆಲ್ಲ ಮನೆಯಲ್ಲೇ ಮಾಡಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಘಾಟಿ ಇಳಿಯುವ ಮುಂಚೆ ಎಂಟೂ ಜನ ಒಮ್ಮೆ ಹೆಸರು ಕೂಗಿ ನೋಡಿಕೊಳ್ಳಿ. ಮಾತು ಕಡಿದರೆ ಲೀಡ್ ಎಲ್ಲಿ ನಿಂತು ಕಾಯಬೇಕು ಅನ್ನುವುದನ್ನೂ ಅಲ್ಲೇ ಮಾತಾಡಿಕೊಳ್ಳಿ.