ವಯೊಲೆಟ್ ಜೆಲ್ಲಿಯಲ್ಲಿ ನಿಂಬೆರಸದ ಕೆಲಸ

ಅಮೆರಿಕದ ಪೂರ್ವ ಮತ್ತು ಮಧ್ಯಭಾಗದ ರಾಜ್ಯಗಳಲ್ಲಿ ಏಪ್ರಿಲ್ ಹೊತ್ತಿಗೆ ಮನೆಯಂಗಳದ ಹುಲ್ಲಿನ ನಡುವೆ ಕಾಡು ವಯೊಲೆಟ್ ಹೂಗಳು ತಾವಾಗಿಯೇ ಅರಳುತ್ತವೆ. ಆಹಾರ ಸಂರಕ್ಷಣೆಯನ್ನು ಕಲಿಸುವ ನನ್ನ ತರಗತಿಗಳಿಗೆ ಈ ಋತುವಿನಲ್ಲಿ ಆ ಹೂಗಳಿಂದ ಜೆಲ್ಲಿ ಮಾಡುವುದನ್ನು ಕಲಿಯಲು ಕನ್ನಡ ಕುಟುಂಬಗಳೂ ಮಕ್ಕಳೊಡನೆ, ಕೆಲವೊಮ್ಮೆ ಊರಿನಿಂದ ಬಂದ ಅಜ್ಜಿಯರೊಡನೆ ಬರುತ್ತವೆ. ಸಕ್ಕರೆ ಮತ್ತು ನಿಂಬೆರಸವನ್ನು ಕಡಿಮೆ ಮಾಡಬಹುದೇ ಎಂಬುದು ಅವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ.

ಮಾಡಬಾರದು. ನಮ್ಮ ಸೀಬೆಹಣ್ಣಿನ ಜೆಲ್ಲಿ ಸುಲಭವಾಗಿ ಗಟ್ಟಿಯಾಗುವುದಕ್ಕೆ ಆ ಹಣ್ಣಿನಲ್ಲಿಯೇ ಧಾರಾಳವಾಗಿರುವ ಪೆಕ್ಟಿನ್ ಕಾರಣ. ಹೂವಿನ ಕಷಾಯದಲ್ಲಾದರೋ ಬಣ್ಣ ಮತ್ತು ನವಿರಾದ ರುಚಿಯ ಹೊರತು ಹೆಚ್ಚೇನೂ ಇರುವುದಿಲ್ಲವಾದ್ದರಿಂದ, ಪೆಕ್ಟಿನ್, ಹುಳಿ, ಸಕ್ಕರೆ ಈ ಮೂರನ್ನೂ ನಾವೇ ಸೇರಿಸಬೇಕಾಗುತ್ತದೆ. ನೀರಿನಲ್ಲಿ ಪೆಕ್ಟಿನ್ನಿನ ಎಳೆಗಳು ಋಣ ವಿದ್ಯುದಂಶದಿಂದಾಗಿ ಒಂದನ್ನೊಂದು ದೂರ ತಳ್ಳುತ್ತವೆ. ಹುಳಿಯು ಆ ವಿಕರ್ಷಣೆಯನ್ನು ತಗ್ಗಿಸಿ, ಸಕ್ಕರೆಯು ನೀರನ್ನು ತನ್ನತ್ತ ಹಿಡಿದಿಟ್ಟುಕೊಂಡಾಗ ಮಾತ್ರ ಅವು ಪರಸ್ಪರ ಹೆಣೆದುಕೊಂಡು ಜೆಲ್ಲಿಯಾಗುತ್ತವೆ. ಇದಕ್ಕೆ ಹುಳಿಯ ಅಳತೆಯಾದ ಪಿಎಚ್ ಮಟ್ಟ (ಹುಳಿ ಹೆಚ್ಚಿದಷ್ಟೂ ಈ ಸಂಖ್ಯೆ ಇಳಿಯುತ್ತದೆ) ಸುಮಾರು 3ರಿಂದ 3.5ರ ನಡುವೆ ಇರಬೇಕು. ಇನ್ನೂ ಮುಖ್ಯವಾಗಿ, ಪಿಎಚ್ 4.6ನ್ನು ಮೀರಿದ ಆಹಾರವನ್ನು ಗಾಳಿಯಾಡದಂತೆ ಮುಚ್ಚಿಟ್ಟರೆ ಬಾಟುಲಿಸಂ ಎಂಬ ಪ್ರಾಣಾಂತಿಕ ವಿಷಬಾಧೆಗೆ ಕಾರಣವಾಗುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯಬಹುದು. ತಾಜಾ ನಿಂಬೆಯಲ್ಲಿ ಹಣ್ಣಿನಿಂದ ಹಣ್ಣಿಗೆ ಹುಳಿ ವ್ಯತ್ಯಾಸವಾಗುವುದರಿಂದ, ಹುಳಿಯ ಪ್ರಮಾಣ ಸ್ಥಿರವಾಗಿರುವ ಬಾಟಲಿಯ ನಿಂಬೆರಸವನ್ನೇ ಬಳಸಿರೆಂದು ನಾನು ಒತ್ತಾಯಿಸುತ್ತೇನೆ.

ಹೂ ಬಿಡಿಸುವ ಕೆಲಸ ಮಕ್ಕಳದ್ದು. ಕಳೆನಾಶಕ ಸಿಂಪಡಿಸಿದ ಹುಲ್ಲುಹಾಸು, ರಸ್ತೆಯಂಚು, ನಾಯಿಗಳು ಓಡಾಡುವ ಜಾಗಗಳನ್ನು ದೊಡ್ಡವರು ಮೊದಲೇ ಹೊರಗಿಡಬೇಕು. ಕುಂಡದಲ್ಲಿ ಬೆಳೆಸುವ ಆಫ್ರಿಕನ್ ವಯೊಲೆಟ್ ಬೇರೆಯೇ ಕುಟುಂಬದ ಗಿಡ, ತಿನ್ನಲು ಬಳಸುವಂಥದ್ದಲ್ಲ. ಕಾಡು ವಯೊಲೆಟ್‌ನ ಗೆಡ್ಡೆಯೂ ವಾಂತಿ ತರಿಸುತ್ತದೆ. ಹೂವನ್ನೆಲ್ಲ ಕಿತ್ತರೆ ಗಿಡದ ವಂಶ ಅಳಿಯುವುದಿಲ್ಲವೇ ಎಂದು ಮಕ್ಕಳು ಕೇಳುವುದುಂಟು. ಅದು ಬಹಳ ಒಳ್ಳೆಯ ಪ್ರಶ್ನೆ. ಅಳಿಯುವುದಿಲ್ಲ, ಏಕೆಂದರೆ ಈ ಗಿಡವು ಬೇಸಿಗೆಯಲ್ಲಿ ನೆಲದ ಸಮೀಪ ಎಂದೂ ಅರಳದ ಮೊಗ್ಗುಗಳನ್ನು ಬಿಟ್ಟು, ಅವುಗಳೊಳಗೇ ಸ್ವಕೀಯ ಪರಾಗಸ್ಪರ್ಶ ಹೊಂದಿ ಬೀಜ ಕಟ್ಟುತ್ತದೆ. ಎಲೆಗಳನ್ನು ಮಾತ್ರ ಹಾಗೆಯೇ ಬಿಡಿ, ಫ್ರಿಟಿಲರಿ ಚಿಟ್ಟೆಗಳ ಮರಿಹುಳುಗಳಿಗೆ ಅವೇ ಆಹಾರ.

ತೊಟ್ಟು ತೆಗೆದು ತೊಳೆದ ಎರಡು ಕಪ್ ಹೂವಿನ ಮೇಲೆ ಎರಡು ಕಪ್, ಎಂದರೆ ಸುಮಾರು 480 ಮಿ.ಲೀ. ಕುದಿನೀರು ಸುರಿದು, ಮುಚ್ಚಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಸೋಸಿದರೆ ನೀಲಿ ಕಷಾಯ ಸಿಗುತ್ತದೆ. ಅದಕ್ಕೆ 60 ಮಿ.ಲೀ. ನಿಂಬೆರಸ ಬೆರೆಸಿದ ಕೂಡಲೇ ಬಣ್ಣ ಗುಲಾಬಿ ಮಿಶ್ರಿತ ನೇರಳೆಗೆ ತಿರುಗುತ್ತದೆ. ಶಂಖಪುಷ್ಪದ ಚಹಾಕ್ಕೆ ನಿಂಬೆ ಹಿಂಡಿದಾಗ ಆಗುವುದೂ ಇದೇ. ಎರಡರಲ್ಲಿಯೂ ಇರುವುದು ಹುಳಿಗೆ ಬಣ್ಣ ಬದಲಿಸುವ ಆಂಥೋಸಯನಿನ್ ಎಂಬ ವರ್ಣದ್ರವ್ಯ. ನಿಂಬೆರಸವನ್ನು ಮಕ್ಕಳ ಕೈಯಿಂದಲೇ ಹಾಕಿಸಿ.

ಒಲೆಯ ಕೆಲಸ ದೊಡ್ಡವರದು. ಆ ಕಷಾಯದಲ್ಲಿ ನಾಲ್ಕು ಕಪ್, ಅಂದರೆ ಸುಮಾರು 800 ಗ್ರಾಂ ಸಕ್ಕರೆಯನ್ನು ಕರಗಿಸಿ, ಕೈಯಾಡಿಸಿದರೂ ತಗ್ಗದಂತೆ ಕುದಿ ಬಂದಾಗ 85 ಮಿ.ಲೀ. ದ್ರವ ಪೆಕ್ಟಿನ್ ಹಾಕಿ, ಸರಿಯಾಗಿ ಒಂದು ನಿಮಿಷ ಕುದಿಸಿ ಇಳಿಸಬೇಕು. ಪುಡಿ ಪೆಕ್ಟಿನ್ ಆದರೆ ಕ್ರಮ ತಿರುಗುಮುರುಗು: ಮೊದಲು ಪೆಕ್ಟಿನ್, ಬಳಿಕ ಸಕ್ಕರೆ. ಒಂದೆಳೆ ಪಾಕವನ್ನು ಬೆರಳಿನಲ್ಲೇ ಗುರುತಿಸಬಲ್ಲ ಅಜ್ಜಿಯರ ಅನುಭವದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಇಲ್ಲಿ ಎಳೆ ನೋಡುತ್ತ ಕುದಿಸುತ್ತಲೇ ಹೋದರೆ ಪೆಕ್ಟಿನ್ ಒಡೆದು ಜೆಲ್ಲಿ ಸಡಿಲವಾಗುತ್ತದೆ. ಪ್ರಮಾಣವನ್ನು ಒಮ್ಮೆಗೇ ಇಮ್ಮಡಿಗೊಳಿಸುವುದೂ ಬೇಡ.

ಬಿಸಿ ಜಾರ್‌ಗಳಿಗೆ ಕಾಲು ಇಂಚು ಜಾಗ ಬಿಟ್ಟು ತುಂಬಿಸಿ, ಅಂಚು ಒರೆಸಿ, ಮುಚ್ಚಳ ಬಿಗಿದು, ಕುದಿಯುವ ನೀರಿನಲ್ಲಿ ಮುಳುಗಿಸಿ 10 ನಿಮಿಷ ಇಡಬೇಕು. ಸಮುದ್ರಮಟ್ಟದಿಂದ 1,000 ಅಡಿಗಿಂತ ಎತ್ತರದ ಊರುಗಳಲ್ಲಿ ಈ ಅವಧಿ ಹೆಚ್ಚುತ್ತದೆ. ಮೇಣ ಸುರಿದು ಮುಚ್ಚುವ ಹಳೆಯ ಪದ್ಧತಿ ಸುರಕ್ಷಿತವಲ್ಲ. ಜೆಲ್ಲಿ ಕಟ್ಟಿಕೊಳ್ಳಲು ಒಂದೆರಡು ದಿನ ಹಿಡಿಯಬಹುದಾದ್ದರಿಂದ, ಮರುದಿನವೇ ಜಾರ್ ಅಲುಗಾಡಿಸಿ ನಿರಾಶರಾಗಬೇಡಿ. ಆಮೇಲೂ ತೆಳ್ಳಗೇ ಉಳಿದರೆ, ನೀರಿಗೆ ಬೆರೆಸಿದಾಗ ಸೊಗಸಾದ ಪಾನಕವಾಗುತ್ತದೆ.