ವೆಕ್ ಬೆಳೆದಾಗ ಮನೆ ಬದಲಾಗುತ್ತದೆ

ನವನಗರದಲ್ಲಿ ನನ್ನ ಬಳಿ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಬರುವ ಹುಡುಗರಿಗೆ ಮೆಮೊರಿಯ ಸ್ಥಳಾಂತರವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿನಿಂದಾಗಿ ಹಳೆ ಬಾಗಲಕೋಟೆಯ ಮನೆ ಬಿಟ್ಟು ಸೆಕ್ಟರ್‌ಗಳಿಗೆ ಬಂದ ಹಿರಿಯರು ಅವರ ಮನೆಯಲ್ಲೇ ಇದ್ದಾರೆ. ಸಾಮಾನೆಲ್ಲ ಬಂತು, ವಿಳಾಸ ಬೇರೆಯಾಯಿತು. ಹಳೆಯ ವಿಳಾಸ ಹಿಡಿದು ಹೋದವರಿಗೆ ಸಿಗುವುದು ನೀರು.

ವೆಕ್ ಎಂದರೆ ರಸ್ಟ್‌ನಲ್ಲಿ ಬೇಕಾದಂತೆ ಬೆಳೆಯುವ ಪಟ್ಟಿ. ಅದು ಬೆಳೆಯುವಾಗಲೂ ಹೀಗೆಯೇ. ಖಾಲಿ ವೆಕ್ ಒಂದು ಬೈಟ್ ಮೆಮೊರಿಯನ್ನೂ ಕೇಳುವುದಿಲ್ಲ. ಈಗಿನ ಲೈಬ್ರರಿಯಲ್ಲಿ, 32 ಬಿಟ್‌ಗಳ ಮೊದಲ ಸಂಖ್ಯೆ ಸೇರಿದೊಡನೆ ನಾಲ್ಕಕ್ಕಾಗುವಷ್ಟು, ಅಂದರೆ 16 ಬೈಟ್ ಪಡೆಯುತ್ತದೆ. ಐದನೆಯದು ಬಂದಾಗ ಎಂಟಕ್ಕೆ, ಒಂಬತ್ತನೆಯದಕ್ಕೆ ಹದಿನಾರಕ್ಕೆ. ಪಕ್ಕದಲ್ಲಿ ಜಾಗವಿದ್ದರೆ ಅಲ್ಲೇ ಹಿಗ್ಗಬಹುದು, ಇಲ್ಲದಿದ್ದರೆ ಎಲ್ಲವನ್ನೂ ಹೊತ್ತು ಬೇರೆಡೆಗೆ ಹೋಗಬೇಕು.

ಈ ಲೆಕ್ಕವನ್ನೆಲ್ಲ ಮಾಡುವುದು ವೆಕ್‌ನ ಒಳಗಿರುವ ರಾವೆಕ್ ಎಂಬ ಭಾಗ. ಅದು ಜೆನೆರಿಕ್, ಅಂದರೆ ಯಾವ ಬಗೆಯ ವಸ್ತುವಿಗೂ ಹೊಂದುವಂತೆ ಬರೆದದ್ದು ಆಗಿದ್ದರಿಂದ, ವೆಕ್‌ನಲ್ಲಿ ಎಷ್ಟು ಬಗೆಯ ವಸ್ತುಗಳಿದ್ದವೋ ಅಷ್ಟು ಬಾರಿ ಕಂಪೈಲರ್ ಹೆಚ್ಚುಕಡಿಮೆ ಅದೇ ಕೋಡನ್ನು ಮತ್ತೆ ಮತ್ತೆ ಹುಟ್ಟಿಸುತ್ತಿತ್ತು. ಜಾಗ ಕೇಳಲು ವಸ್ತು ಯಾವುದೆಂದು ತಿಳಿಯಬೇಕಾಗಿಯೇ ಇಲ್ಲ. ಅದರ ಗಾತ್ರ ಮತ್ತು ಅಲೈನ್‌ಮೆಂಟ್ (ಎಷ್ಟರ ಗುಣಕವಾದ ವಿಳಾಸದಲ್ಲಿ ಅದು ಕೂರಬೇಕೆಂಬುದು), ಇವೆರಡು ಸಾಕು. 2024ರಲ್ಲಿ ಈ ಭಾಗವನ್ನು ರಾವೆಕ್‌ಇನ್ನರ್ ಎಂದು ಬೇರ್ಪಡಿಸಿದರು. ಆ ಬದಲಾವಣೆ ನನಗೆ ತುಂಬ ಹಿಡಿಸಿತು.

ಆದರೆ ಸರಳತೆ ಪುಕ್ಕಟೆ ಬರಲಿಲ್ಲ. ಮೊದಲು ವಸ್ತುವಿನ ಟೈಪ್ ಕೋಡಿನಲ್ಲೇ ಇತ್ತು, ಅಳತೆ ತಪ್ಪುವ ಪ್ರಶ್ನೆಯೇ ಇರಲಿಲ್ಲ. ಈಗ ಕರೆಯುವವರು ಪ್ರತಿ ಸಲವೂ ಅದೇ ಗಾತ್ರ, ಅದೇ ಅಲೈನ್‌ಮೆಂಟ್ ಹೇಳಬೇಕು. ನಾಲ್ಕು ಬೈಟ್‌ಗಳ ವಸ್ತುವಿಗೆಂದು ಪಡೆದ ಜಾಗವನ್ನು ಎಂಟರ ಅಳತೆ ಹೇಳಿ ಹಿಂತಿರುಗಿಸಿದರೆ ಮುಂದೆ ಏನಾಗುತ್ತದೆಂದು ಯಾರೂ ಖಾತರಿ ಕೊಡಲಾರರು. ಆದ್ದರಿಂದ ಆ ಫಂಕ್ಷನ್‌ಗಳಿಗೆ ಅನ್‌ಸೇಫ್, ಅಂದರೆ ಸರಿಯಾಗಿ ಬಳಸುವ ಹೊಣೆ ಕರೆಯುವವರದು ಎಂಬ ಗುರುತು ಹಾಕಿ, ಪಾಲಿಸಬೇಕಾದ ಷರತ್ತನ್ನು ಕಾಮೆಂಟಿನಲ್ಲಿ ಬರೆಯಬೇಕಾಗುತ್ತದೆ.

ಸಾಲು ಕಡಿಮೆ ಮಾಡುವುದನ್ನೇ ಸರಳೀಕರಣವೆಂದು ತಿಳಿದ ನನ್ನ ವಿದ್ಯಾರ್ಥಿಯೊಬ್ಬ, ಎಣಿಕೆಯನ್ನು ಗಾತ್ರದಿಂದ ಗುಣಿಸುವ ಕಡೆ ಮಿತಿ ಮೀರಿತೇ ಎಂದು ನೋಡುವ ಸಾಲನ್ನೇ ಅಳಿಸಿದ್ದ. ಪರೀಕ್ಷೆಗಳೆಲ್ಲ ಪಾಸಾದವು. ಬಳಕೆಗೆ ಬಿಡುವ ರಿಲೀಸ್ ಬಿಲ್ಡ್‌ನಲ್ಲಿ ಗುಣಲಬ್ಧ ಮಿತಿ ಮೀರಿದರೆ ಸುತ್ತಿಕೊಂಡು ಸಣ್ಣ ಸಂಖ್ಯೆಯಾಗುತ್ತದೆ. ಚಿಕ್ಕ ಜಾಗ ಸಿಕ್ಕರೂ ಕೋಡ್ ದೊಡ್ಡ ಜಾಗವಿದೆಯೆಂದೇ ನಂಬಿ ಬರೆಯುತ್ತ ಹೋಗುತ್ತದೆ. ಅವನನ್ನು ಬೋರ್ಡಿನ ಮುಂದೆ ನಿಲ್ಲಿಸಿ ಎಂಟು ಬಿಟ್‌ಗಳಲ್ಲಿ 65ನ್ನು 4ರಿಂದ ಗುಣಿಸಲು ಹೇಳಿದೆ. ಎಂಟು ಬಿಟ್‌ಗಳಲ್ಲಿ 255ರವರೆಗೆ ಮಾತ್ರ ಹಿಡಿಯುವುದರಿಂದ 260ರ ಬದಲು 4 ಬಂತು. ಸುಮ್ಮನೆ ಹೋಗಿ ಕುಳಿತು, ಅಳಿಸಿದ ಸಾಲನ್ನು ಮತ್ತೆ ಬರೆದ.