ಜೋಡಿಯಿಲ್ಲದ ಹಾವು

ಮುಂಗಾರಿನ ಮೊದಲ ಜೋರು ಮಳೆಯ ಮಾರನೇ ದಿನ. ಚಿಕ್ಕಬಳ್ಳಾಪುರದ ನಮ್ಮ ಮನೆ ಹಿತ್ತಲಲ್ಲಿ ಸೇವಂತಿಗೆ ಕುಂಡ ಸರಿಸಿದೆ. ಅಡಿಯಲ್ಲಿ ಕಪ್ಪಗೆ ಮಿಂಚುವ ಎರೆಹುಳುವೊಂದು ಬಿದ್ದಿತ್ತು. ಹಾಗಂದುಕೊಂಡೆ. ಬೆಳಕು ಬಿದ್ದ ಕೂಡಲೇ ಅದು ಸರಸರ ಹರಿದು ನಾಲಿಗೆ ಚಾಚಿತು. ಎರೆಹುಳುವಿಗೆಲ್ಲಿಯ ನಾಲಿಗೆ?

"ಹಾವಿನ ಮರಿ, ಹೊಡೀರಿ" ಎಂದು ಪಕ್ಕದ ಮನೆಯವರು ಪೊರಕೆ ಹಿಡಿದು ಬಂದರು. ನಾನು ತಡೆದೆ. ಅದು ಮರಿಯಲ್ಲ, ಬೆಳೆದು ನಿಂತ ಕುರುಡು ಹಾವು. ಹುಳು ಹಾವು ಅಂತಲೂ ಕರೆಯುತ್ತಾರೆ. ಸಾಮಾನ್ಯವಾಗಿ ಒಂದು ಗೇಣೂ ಇರುವುದಿಲ್ಲ. ವಿಷವಿಲ್ಲ. ನಮ್ಮನ್ನು ಕಚ್ಚುವಷ್ಟು ಬಾಯಿಯೂ ಇಲ್ಲ. ಕೈಗೆತ್ತಿಕೊಂಡರೆ ಬಾಲದ ತುದಿಯ ಮೊನೆಯನ್ನು ಒತ್ತುತ್ತದೆ. ಜನ ಅದನ್ನೇ ಕಡಿತ ಅಂದುಕೊಂಡು ಗಾಬರಿಯಾಗುತ್ತಾರೆ. ಆ ಮೊನೆಯಲ್ಲೂ ವಿಷವಿಲ್ಲ.

ಇದರ ಮೈಯೆಲ್ಲ ಮಣ್ಣಿಗಾಗಿಯೇ ಆದದ್ದು. ಕಣ್ಣೆಂದರೆ ಹುರುಪೆಯ ಕೆಳಗಿನ ಎರಡು ಚುಕ್ಕೆ. ಬೆಳಕು, ಕತ್ತಲೆ ತಿಳಿದರೆ ಸಾಕು. ಬೇರೆ ಹಾವುಗಳಿಗೆ ಹೊಟ್ಟೆಯಡಿ ಅಗಲ ಹುರುಪೆ ಇರುತ್ತದೆ, ಇದಕ್ಕೆ ಸುತ್ತಲೂ ಒಂದೇ ಸಮನಾದ ನುಣುಪು ಹುರುಪೆ. ಬಾಲವೂ ತಲೆಯಷ್ಟೇ ದಪ್ಪ, ಮೊಂಡು. ಹಾಗಾಗಿಯೇ 'ಎರಡು ತಲೆ' ಎಂಬ ಹೆಸರು. ಸ್ಕಾಟ್ಲೆಂಡಿನ ವೈದ್ಯ ಪ್ಯಾಟ್ರಿಕ್ ರಸೆಲ್ 1796ರಲ್ಲಿ ಕೋರಮಂಡಲ ಕರಾವಳಿಯ ಹಾವುಗಳ ಬಗ್ಗೆ ಪುಸ್ತಕ ತಂದಾಗ ಇದನ್ನು 'ರೊಂಡೂ ತಲೂಲೂ ಪಾಮ್' ಎಂದು ಬರೆದ. ತೆಲುಗೂ ಮಾತಾಡುವ ನಮ್ಮ ಕಡೆಯವರಿಗೆ ಅರ್ಥ ಹೇಳಬೇಕಿಲ್ಲ: ರೆಂಡು ತಲಲ ಪಾಮು. ಆ ವಿವರದ ಮೇಲೆಯೇ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ದೋದ್ಯಾಂ 1803ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ. ಈಗಿನ ಹೆಸರು ಇಂಡೊಟಿಫ್ಲಾಪ್ಸ್ ಬ್ರಾಮಿನಸ್.

ದಪ್ಪ ಮೈಯ ಮಣ್ಣುಮುಕ್ಕ ಹಾವಿಗೂ ಜನ ಎರಡು ತಲೆ ಹಾವು ಅನ್ನುತ್ತಾರೆ. ಅದು ಬೇರೆಯೇ ಜಾತಿ. ಅದೃಷ್ಟ ತರುತ್ತದೆಂಬ ಸುಳ್ಳು ನಂಬಿಕೆಯಿಂದ ಅದನ್ನು ಕದ್ದು ಮಾರುತ್ತಾರೆ. ಪಾಪದ ಪ್ರಾಣಿ ಅದು, ನೋಡಿದರೆ ಸಂಕಟವಾಗುತ್ತದೆ.

"ಇದರ ಜೋಡಿ ಇಲ್ಲೇ ಎಲ್ಲೋ ಇರುತ್ತೆ, ಹುಡುಕಿ" ಎಂದರು ಪಕ್ಕದವರು. ನನಗೆ ಅತಿ ಇಷ್ಟವಾದ ವಿಷಯ ಇದೇ. ಈ ಹಾವಿಗೆ ಜೋಡಿ ಇಲ್ಲ! ಈ ಜಾತಿಯಲ್ಲಿ ಎಲ್ಲವೂ ಹೆಣ್ಣು. ಗಂಡಿನ ನೆರವಿಲ್ಲದೆ ಮೊಟ್ಟೆ ಇಡುತ್ತವೆ, ಹುಟ್ಟುವ ಮರಿಗಳೂ ಹೆಣ್ಣೇ, ತಾಯಿಯ ಪಡಿಯಚ್ಚು. ನಮಗೆ ಕ್ರೋಮೋಸೋಮುಗಳ ಸೆಟ್ ಎರಡಿದ್ದರೆ ಇದಕ್ಕೆ ಮೂರು. ಬರೀ ಹೆಣ್ಣುಗಳೇ ಇರುವ ಹಾವಿನ ಜಾತಿ ಜಗತ್ತಿನಲ್ಲಿ ನಮಗೆ ತಿಳಿದಿರುವುದು ಇದೊಂದೇ.

ಹಾಗಾಗಿ ಒಂದೇ ಒಂದು ಹಾವು ಗಿಡದ ಬೇರಿನ ಮಣ್ಣಲ್ಲಿ ಕುಳಿತು ಹೊರಟರೂ ಸಾಕು, ಹೋದಲ್ಲಿ ಸಂಸಾರ ಬೆಳೆಯುತ್ತದೆ. ದಕ್ಷಿಣ ಏಷ್ಯಾದ ಈ ಹಾವು ಗಿಡಗಳ ಸಾಗಾಟದ ಜೊತೆ ಆಫ್ರಿಕಾ, ಹವಾಯಿ, ಫ್ಲಾರಿಡಾ, ಮೆಕ್ಸಿಕೊ, ಆಸ್ಟ್ರೇಲಿಯಾವರೆಗೂ ಹೋಗಿದೆ. ಇಂಗ್ಲಿಷಿನಲ್ಲಿ ಇದನ್ನು ಹೂಕುಂಡದ ಹಾವು ಎಂದೂ ಕರೆಯುತ್ತಾರೆ. ನಮ್ಮ ಜಿಲ್ಲೆಯ ನರ್ಸರಿಗಳಿಂದ ಗಿಡ ತಂದವರು ಎಷ್ಟೋ ಸಲ ಇದನ್ನೂ ಮನೆಗೆ ತಂದಿರಬೇಕು, ಅಲ್ವಾ?

ಇದರ ಊಟ ಇರುವೆ, ಗೆದ್ದಲುಗಳ ಮೊಟ್ಟೆ ಮತ್ತು ಮರಿ. ಬೆಳೆದ ಗೆದ್ದಲು ಸಿಕ್ಕರೆ ಕೆಲವೊಮ್ಮೆ ಅದರ ತಲೆಯನ್ನು ನೆಲಕ್ಕೆ ಉಜ್ಜಿ ಕಿತ್ತು, ಮೈಯನ್ನಷ್ಟೇ ನುಂಗುತ್ತದೆ. ಗೆದ್ದಲಿನ ತಲೆ ಇದಕ್ಕೆ ಸರಿಯಾಗಿ ಜೀರ್ಣವಾಗುವುದಿಲ್ಲ.

ಮಳೆ ನೀರು ಮಣ್ಣಿಗಿಳಿದಾಗ ಇದು ಮೇಲೆ ಬರುತ್ತದೆ, ಬಚ್ಚಲಿಗೂ ನುಗ್ಗುತ್ತದೆ. ಹಾಗಂತ ಸುಮ್ನೆ ಬರಿಗೈ ಹಾಕಬೇಡಿ. ಮೈಮೇಲೆ ಬಿಳಿ ಪಟ್ಟೆ, ಎದ್ದು ಕಾಣುವ ಕಣ್ಣು ಇದ್ದರೆ ಕಟ್ಟುಹಾವಿನ ಮರಿ ಇರಬಹುದು, ಅದಕ್ಕೆ ವಿಷ ಜಾಸ್ತಿ. ದೂರ ನಿಂತು, ಹಾವು ಹಿಡಿಯಲು ಬಲ್ಲವರನ್ನು ಕರೆಯಿರಿ.

ನಾನು ಹಳೇ ಪೇಪರ್ ಹಾಳೆಯೊಂದನ್ನು ಚಾಚಿದೆ. ಅದರ ಮೇಲೆ ಹತ್ತಿದ್ದನ್ನು ಕುಂಡದ ಬುಡಕ್ಕೆ ಬಿಟ್ಟೆ. ಬಾಲದ ಮೊನೆ ಊರಿ, ತಲೆಯಿಂದ ಮಣ್ಣು ದೂಡಿ ಒಳಗೆ ಇಳಿಯಿತು. ಪಕ್ಕದವರು ಪೊರಕೆ ಗೋಡೆಗೊರಗಿಸಿ, ಬಗ್ಗಿ ನೋಡುತ್ತಾ ಕೇಳಿದರು: "ಮೊಟ್ಟೆ ಎಷ್ಟು ದೊಡ್ಡದಿರುತ್ತೆ?"

"ಅಕ್ಕಿ ಕಾಳಿನಷ್ಟು" ಎಂದೆ.